ಅಳಿಸುವಿಕೆಯೂ ನಿರ್ಜರೆಯೂ

ಭಾದ್ರಪದ ಶುಕ್ಲ ಪಂಚಮಿ ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ಶುದ್ಧಿಯ ಕಾರ್ಯ ಆರಂಭವಾಗುವುದು ವಾಡಿಕೆ. ಅಡುಗೆಮನೆಯ ಡಬ್ಬಿಗಳನ್ನು ಬರಿದು ಮಾಡಿ ಧಾನ್ಯದಲ್ಲಿ ಹುಳುಗಳಿವೆಯೇ ಎಂದು ನೋಡುತ್ತಾರೆ. ನೀರು ಸೋಸುವ ಬಟ್ಟೆಯನ್ನು ಹೊಸದಾಗಿ ತರುತ್ತಾರೆ. ಪೂಜೆಯ ಪಾತ್ರೆಗಳನ್ನು ಬೆಳಗುತ್ತಾರೆ. ಹತ್ತು ದಿನಗಳ ನಿಯಮಗಳನ್ನು ಮನಸ್ಸಿನಲ್ಲಿಯೇ ಎಣಿಸಿಕೊಳ್ಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಶುದ್ಧಿಯ ಪಟ್ಟಿಗೆ ಇನ್ನೊಂದು ವಸ್ತು ಸೇರಿದೆ. ಅದು ಮನೆಮಂದಿಯ ಕೈಯಲ್ಲಿರುವ ಸ್ಮಾರ್ಟ್‌ಫೋನು. ವರ್ಷವಿಡೀ ಸೇರಿದ ಚಿತ್ರಗಳು, ಲೆಕ್ಕಗಳು, ಮಾತುಕತೆಗಳು ತುಂಬಿ ಯಂತ್ರವು ನಿಧಾನವಾಗುತ್ತದೆ. ಒತ್ತಿದರೆ ತಕ್ಷಣ ಉತ್ತರ ಕೊಡುವುದಿಲ್ಲ. ಜಾಗವಿಲ್ಲವೆಂದು ದಿನವೂ ದೂರುತ್ತದೆ. ಆಗ ಮನೆಯ ಕಿರಿಯರು ಒಂದು ಉಪಾಯವನ್ನು ಸೂಚಿಸುತ್ತಾರೆ: "ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ, ಹೊಸದರಂತೆ ಆಗುತ್ತದೆ."

ಹೊಸದರಂತೆ ಆಗುತ್ತದೆ ಎಂಬ ಮಾತು ಕಿವಿಗೆ ಬಹು ಹಿತವಾದುದು. ವ್ರತ, ನೋಂಪಿ, ಉಪವಾಸಗಳನ್ನು ಕೈಗೊಳ್ಳುವ ಎಷ್ಟೋ ಮಂದಿಯ ಅಂತರಂಗದಲ್ಲಿಯೂ ಇದೇ ಆಶೆ ಅಡಗಿರುತ್ತದೆ. ಹತ್ತು ದಿನ ನಿಯಮದಿಂದಿದ್ದು, ಅನಂತ ಚತುರ್ದಶಿಯಂದು ನಿರಾಹಾರದಿಂದಿದ್ದರೆ ಕಳೆದ ವರ್ಷವೆಲ್ಲ ಒಮ್ಮೆಲೇ ತೊಳೆದುಹೋಗುವುದೆಂದು ಅವರು ಭಾವಿಸುತ್ತಾರೆ. ಆದುದರಿಂದ ಈ ಯಂತ್ರದ ಶುದ್ಧಿಯಲ್ಲಿ ಏನು ಅಳಿಯುತ್ತದೆ, ಏನು ಉಳಿಯುತ್ತದೆ ಎಂಬುದನ್ನು ವಿವೇಚಿಸಿದರೆ ಆತ್ಮಶುದ್ಧಿಯ ವಿಷಯದಲ್ಲಿ ಉಂಟಾಗುವ ಒಂದು ದೊಡ್ಡ ಭ್ರಮೆಯೂ ನಿವಾರಣೆಯಾದೀತು.

ಮೊದಲು ಯಂತ್ರದ ವಿಷಯ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನೊಳಗೆ ಸಿಸ್ಟಮ್ ಎಂಬಲ್ಲಿ ರೀಸೆಟ್ ಆಯ್ಕೆಗಳು ಇರುತ್ತವೆ. ತಯಾರಕರ ಭೇದದಿಂದ ಹೆಸರು ಸ್ವಲ್ಪ ಬದಲಾಗಬಹುದು. ಐಫೋನಿನಲ್ಲಿ ಜನರಲ್ ಎಂಬ ಭಾಗದ ಕೊನೆಯಲ್ಲಿ ಇದೇ ಕಾರ್ಯಕ್ಕೆ ಸ್ಥಾನವಿದೆ. ಅದನ್ನು ಒತ್ತಿ, ಗುಪ್ತಸಂಖ್ಯೆಯನ್ನು ಕೊಟ್ಟು ಒಪ್ಪಿಗೆ ಸೂಚಿಸಿದರೆ ಫೋನಿನ ಒಳಸಂಗ್ರಹದಲ್ಲಿರುವ ಚಿತ್ರ, ಸಂದೇಶ, ಖಾತೆ, ಬಳಕೆದಾರನು ಹಾಕಿಕೊಂಡ ಅಪ್ಲಿಕೇಶನ್ ಇವೆಲ್ಲವೂ ಹೋಗುತ್ತವೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಮಾತ್ರ ಉಳಿಯುತ್ತದೆ. ಈಗಿನ ಫೋನುಗಳಲ್ಲಿ ಸಂಗ್ರಹವು ಗೂಢಲಿಪಿಯಲ್ಲಿ ಇರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುವುದರಿಂದ, ಒಳಗೆ ಏನಾದರೂ ಕುರುಹು ಉಳಿದಿದ್ದರೂ ಅದನ್ನು ಓದಲು ಸಾಧ್ಯವಾಗದು. ಗೂಢಲಿಪಿಯಿಲ್ಲದ ಹಳೆಯ ಫೋನುಗಳಲ್ಲಿ ಈ ಭರವಸೆ ಇಲ್ಲ. ತಿಳಿದವರು ಸಾಧನಗಳ ಮೂಲಕ ಅಳಿಸಿದ್ದನ್ನು ಮರಳಿ ತೆಗೆಯಬಲ್ಲರು.

ಅಳಿಯದೆ ಉಳಿಯುವವು ಯಾವುವೆಂದರೆ, ಸಿಮ್‌ನಲ್ಲಿರುವ ವಿವರಗಳು ಉಳಿಯುತ್ತವೆ. ಪ್ರತ್ಯೇಕವಾಗಿ ಅಳಿಸದಿದ್ದರೆ ಮೆಮೊರಿ ಕಾರ್ಡಿನಲ್ಲಿರುವುದೂ ಉಳಿಯುತ್ತದೆ. ಗೂಗಲ್ ಮುಂತಾದ ಖಾತೆಗಳಿಗೆ ಈಗಾಗಲೇ ಸೇರಿದ ಚಿತ್ರಗಳೂ ಹೆಸರುಗಳೂ ದೂರದ ಸಂಗ್ರಹದಲ್ಲಿ ಇದ್ದಲ್ಲಿಯೇ ಇರುತ್ತವೆ. ಸವೆದ ಬ್ಯಾಟರಿ ಸವೆದೇ ಇರುತ್ತದೆ. ಸೀಳಿದ ಗಾಜು ಸೀಳಿಯೇ ಇರುತ್ತದೆ. ತಯಾರಕರು ಮೊದಲೇ ತುಂಬಿ ಕಳುಹಿಸಿದ ಬೇಡವಾದ ಅಪ್ಲಿಕೇಶನ್‌ಗಳೂ ತಪ್ಪದೆ ಮರಳಿ ಬರುತ್ತವೆ.

ಈ ಕಾರ್ಯಕ್ಕೆ ಪೂರ್ವಸಿದ್ಧತೆ ಅವಶ್ಯಕ. ಬ್ಯಾಟರಿಯನ್ನು ಸಾಕಷ್ಟು ತುಂಬಿಸಿಕೊಳ್ಳಬೇಕು. ಅವಶ್ಯವಾದುದಕ್ಕೆ ಬ್ಯಾಕಪ್ ಮಾಡಿಟ್ಟುಕೊಳ್ಳಬೇಕು. ಖಾತೆಯ ಪಾಸ್‌ವರ್ಡ್ ನೆನಪಿನಲ್ಲಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕಳ್ಳರು ಕದ್ದ ಫೋನನ್ನು ಅಳಿಸಿ ಮಾರದಿರಲೆಂದು ಐಫೋನಿನಲ್ಲಿ ೨೦೧೩ರಿಂದಲೂ ಆಂಡ್ರಾಯ್ಡ್‌ನಲ್ಲಿ ೨೦೧೫ರಿಂದಲೂ ಒಂದು ರಕ್ಷಣೆಯನ್ನು ಅಳವಡಿಸಲಾಗಿದೆ. ಅದರಿಂದಾಗಿ, ಫೋನನ್ನು ಎಷ್ಟೇ ಅಳಿಸಿದರೂ ಅದು ಎಚ್ಚರಗೊಂಡ ಕೂಡಲೇ ಹಿಂದಿನ ಒಡೆಯನ ಖಾತೆಯನ್ನು ಕೇಳಬಹುದು. ಉತ್ತರ ಬಾರದಿದ್ದರೆ ಮುಂದಕ್ಕೆ ಬಿಡದು. ಆದುದರಿಂದ ಫೋನನ್ನು ಇನ್ನೊಬ್ಬರಿಗೆ ಕೊಡುವವರು ಅಳಿಸುವ ಮೊದಲೇ ತಮ್ಮ ಖಾತೆಯನ್ನು ಅದರಿಂದ ತೆಗೆದು, ಸಿಮ್ ಮತ್ತು ಕಾರ್ಡನ್ನು ಹೊರತೆಗೆದುಕೊಳ್ಳಬೇಕು. ಎಲ್ಲವನ್ನೂ ಮರೆತ ಯಂತ್ರವೂ ತನ್ನ ಒಡೆಯನು ಯಾರೆಂಬುದಕ್ಕೆ ಉತ್ತರವನ್ನು ಕೇಳುತ್ತದೆ ಎಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಈ ಪೂರ್ವಸಿದ್ಧತೆಯ ಕ್ರಮ ಶ್ರಾವಕರಿಗೆ ಹೊಸತಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ಪ್ರೋಷಧೋಪವಾಸವನ್ನು ವಿವರಿಸಿದ್ದಾರೆ. ನಾಲ್ಕು ಬಗೆಯ ಆಹಾರವನ್ನೂ ತ್ಯಜಿಸುವುದು ಉಪವಾಸ. ಒಂದು ಹೊತ್ತು ಉಣ್ಣುವುದು ಪ್ರೋಷಧ. ಉಪವಾಸದ ಹಿಂದಿನ ದಿನ ಧಾರಣೆ, ಮರುದಿನ ಪಾರಣೆ. ಉಪವಾಸದ ದಿನ ಅನ್ನವನ್ನು ಬಿಟ್ಟರೆ ಸಾಲದು. ಪಂಚಪಾಪಗಳನ್ನೂ ಆರಂಭವನ್ನೂ ಅಲಂಕಾರವನ್ನೂ ಬಿಟ್ಟು ಧರ್ಮಶ್ರವಣ, ಜ್ಞಾನ, ಧ್ಯಾನಗಳಲ್ಲಿ ತತ್ಪರರಾಗಿರಬೇಕೆಂದು ಅವರು ವಿಧಿಸಿದ್ದಾರೆ. ಈ ವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಅಸ್ಮರಣ. ವ್ರತದಲ್ಲಿ ಉತ್ಸಾಹವಿಲ್ಲದಿರುವುದು ಅನಾದರ. ತಾನು ವ್ರತದಲ್ಲಿರುವೆನೆಂಬ ಎಚ್ಚರವನ್ನೇ ಕಳೆದುಕೊಳ್ಳುವುದು ಅಸ್ಮರಣ. ಮರೆವನ್ನು ಆಚಾರ್ಯರು ದೋಷವೆಂದು ಎಣಿಸಿದ್ದಾರೆಯೇ ಹೊರತು ಶುದ್ಧಿಯೆಂದು ಎಣಿಸಿಲ್ಲ. ಯಂತ್ರದ ಶುದ್ಧಿಗೂ ಆತ್ಮದ ಶುದ್ಧಿಗೂ ಇರುವ ಮೊದಲನೆಯ ಭೇದ ಇದೇ. ಯಂತ್ರವು ಮರೆತು ಹಗುರಾಗುತ್ತದೆ. ಜೀವನು ನೆನೆದು ಹಗುರಾಗಬೇಕು.

ಎರಡನೆಯ ಭೇದ ಬ್ಯಾಕಪ್ಪಿನದು. ಅಳಿಸಿದ ಫೋನು ಪುನಃ ಆರಂಭವಾಗುವಾಗ, ಹಿಂದೆ ಕಾದಿಟ್ಟದ್ದನ್ನು ಮರಳಿ ತರಬೇಕೇ ಎಂದು ಕೇಳುತ್ತದೆ. ಹೌದೆಂದು ಒತ್ತಿದರೆ ಅದೇ ಅಪ್ಲಿಕೇಶನ್‌ಗಳು, ಅದೇ ಚಿತ್ರಗಳು, ಅದೇ ಸಂದೇಶಗಳು ಒಂದೊಂದಾಗಿ ತಮ್ಮ ಸ್ಥಾನಕ್ಕೆ ಬಂದು ಕೂಡುತ್ತವೆ. ಕೆಲವೇ ದಿನಗಳಲ್ಲಿ ಯಂತ್ರವು ಮತ್ತೆ ಮೊದಲಿನಂತೆಯೇ ಏದುಸಿರು ಬಿಡಬಹುದು. ಉಪವಾಸದ ಪಾರಣೆಯೂ ಇಂಥದೇ ಒಂದು ಪ್ರಶ್ನೆಯ ಕ್ಷಣ. ನಿಯಮದ ಕಾಲದಲ್ಲಿ ಬಿಟ್ಟಿದ್ದ ಕೋಪ, ಪರನಿಂದೆ, ರುಚಿಯ ಹಂಬಲ ಇವೆಲ್ಲ ಎಲ್ಲಿಯೂ ಹೋಗಿರುವುದಿಲ್ಲ. ಹೊರಗೆ ಒಂದು ಕಡೆ ಕಾದಿಟ್ಟಿರುತ್ತವೆ. ಪಾರಣೆಯ ಮೊದಲ ತುತ್ತಿನೊಂದಿಗೆ ಅವನ್ನೂ ಒಳಗೆ ಕರೆದುಕೊಂಡರೆ ಉಪವಾಸವು ದೇಹವನ್ನು ದಣಿಸಿದಂತಾಯಿತೇ ಹೊರತು ಕರ್ಮವನ್ನು ದಣಿಸಿದಂತಾಗಲಿಲ್ಲ. ತಪಸ್ಸಿನಿಂದ ನಿರ್ಜರೆಯೂ ಆಗುತ್ತದೆ, ಸಂವರವೂ ಆಗುತ್ತದೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ಹಳೆಯದು ಉದುರುವುದು ನಿರ್ಜರೆ. ಹೊಸದು ಬಾರದಂತೆ ತಡೆಯುವುದು ಸಂವರ. ಬಾಗಿಲು ತೆರೆದಿಟ್ಟು ಗುಡಿಸಿದ ಮನೆಯಲ್ಲಿ ಧೂಳು ಕಡಿಮೆಯಾಗದು.

ಮೂರನೆಯ ಭೇದ ಇನ್ನೂ ಸೂಕ್ಷ್ಮವಾದುದು. ಫೋನಿಗೆ ಒಂದು ಕಾರ್ಖಾನೆ ಇದೆ, ಅದನ್ನು ಮಾಡಿದವರಿದ್ದಾರೆ, ಅದು ಬರಿದಾಗಿ ಹೊರಬಿದ್ದ ಒಂದು ದಿನವಿದೆ. ಆ ದಿನಕ್ಕೆ ಹಿಂದಿರುಗುವುದೇ ಫ್ಯಾಕ್ಟರಿ ರೀಸೆಟ್. ಜೀವನಿಗಾದರೋ ಅಂಥ ಕಾರ್ಖಾನೆಯಿಲ್ಲ, ಕರ್ತೃವಿಲ್ಲ, ಮೊದಲ ದಿನವಿಲ್ಲ. ಜೀವ ಮತ್ತು ಕರ್ಮಗಳ ಸಂಬಂಧ ಅನಾದಿಯೆಂಬುದು ಜಿನಾಗಮದ ಸಿದ್ಧಾಂತ. ಒಂದಾನೊಂದು ಕಾಲದಲ್ಲಿ ಜೀವನು ಪರಿಶುದ್ಧನಾಗಿದ್ದು, ಆಮೇಲೆ ಕೆಟ್ಟನೆಂದು ಜೈನನಾದವನು ನಂಬುವುದಿಲ್ಲ. ಹಾಗೆ ಶುದ್ಧನಾದವನು ಮತ್ತೆ ಕೆಡುವುದಾದರೆ ಮೋಕ್ಷಕ್ಕೆ ಅರ್ಥವೇ ಇರದು. ಗಣಿಯಲ್ಲಿರುವ ಚಿನ್ನವು ಮೊದಲಿನಿಂದಲೂ ಕಲ್ಲಿನೊಡನೆ ಬೆರೆತೇ ಇರುತ್ತದೆ. ಅದು ಅಪರಂಜಿಯಾಗಿದ್ದ ಹಿಂದಿನ ದಿನವೊಂದಿಲ್ಲ. ಆದರೂ ಅಪರಂಜಿಯಾಗುವ ಶಕ್ತಿ ಅದರ ಸ್ವಭಾವದಲ್ಲಿಯೇ ಇದೆ. ಆದುದರಿಂದ ಶ್ರಾವಕನು ಉಪವಾಸದ ಮೂಲಕ ಹಿಂದಿನ ಯಾವುದೋ ಒಳ್ಳೆಯ ದಿನಕ್ಕೆ ಮರಳುವುದಿಲ್ಲ. ತಾನು ಎಂದೂ ಕಾಣದ, ಆದರೆ ಎಂದೆಂದೂ ತನ್ನದೇ ಆಗಿರುವ ಶುದ್ಧ ಸ್ವಭಾವದ ಕಡೆಗೆ ಒಂದು ಹೆಜ್ಜೆ ಮುಂದಿಡುತ್ತಾನೆ. ಉಪವಾಸವೆಂದರೆ ಸಮೀಪದಲ್ಲಿ ವಾಸಿಸುವುದು ಎಂಬ ಅರ್ಥವೂ ಇದನ್ನೇ ಸೂಚಿಸುತ್ತದೆ.

ಈ ಮೂರು ಭೇದಗಳನ್ನು ಅರಿತವನೂ ಎಡವುವ ನಾಲ್ಕನೆಯ ಸ್ಥಾನವೊಂದಿದೆ. ಅದನ್ನು ತಿಳಿಯಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು.

ಒಂದು ಶ್ರಾವಕ ಕುಟುಂಬದಲ್ಲಿ ಇಬ್ಬರು ಸಹೋದರರು. ಅಣ್ಣನು ಊರಿನಲ್ಲಿ ಅಡಿಕೆ ತೋಟವನ್ನೂ ವೃದ್ಧೆಯಾದ ತಾಯಿಯನ್ನೂ ನೋಡಿಕೊಂಡಿರುವವನು. ತಮ್ಮನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ತಂದೆಯು ದೀರ್ಘಕಾಲ ಹಾಸಿಗೆ ಹಿಡಿದು ತೀರಿಕೊಂಡ ಮೇಲೆ ತೋಟದ ಪಾಲಿನ ಮಾತು ಬಂದಿತು. ಒಂದು ರಾತ್ರಿ ತಮ್ಮನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, ಎಲ್ಲರೂ ಓದುವಂತೆ, ಅಪ್ಪನ ಔಷಧದ ಲೆಕ್ಕದಲ್ಲಿ ಅಣ್ಣನು ಹಣ ತಿಂದಿರುವನೆಂದು ಬರೆದನು. ಅಣ್ಣನು ಉತ್ತರ ಕೊಡಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ತಾಯಿ ಮಾತ್ರ ಇಬ್ಬರಿಗೂ ಫೋನಿನಲ್ಲಿ ಒಬ್ಬರ ಕ್ಷೇಮವನ್ನು ಇನ್ನೊಬ್ಬರಿಗೆ ತಿಳಿಸುತ್ತಿದ್ದಳು.

ವರ್ಷ ಕಳೆಯಿತು. ತಮ್ಮನ ಫೋನು ನಿಧಾನವಾಯಿತು. ದಶಲಕ್ಷಣ ಪರ್ವಕ್ಕೆ ಮುನ್ನ ಅವನು ಅದನ್ನು ಸಂಪೂರ್ಣ ಅಳಿಸಿದನು. ಹಳೆಯ ಮಾತುಕತೆಗಳನ್ನು ಮರಳಿ ತರಲೂ ಇಲ್ಲ. ಖಾಲಿಯಾದ ಪರದೆಯನ್ನು ನೋಡಿ ಅವನ ಮನಸ್ಸೂ ಖಾಲಿಯಾದಂತೆ ಹಗುರಾಯಿತು. ಉತ್ತಮ ಕ್ಷಮೆಯ ದಿನ ಯಾರೋ ಕಳುಹಿಸಿದ್ದ ಕಮಲದ ಚಿತ್ರವುಳ್ಳ ಕ್ಷಮಾಯಾಚನೆಯ ಸಂದೇಶವನ್ನು ತನ್ನ ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದೇ ಬಾರಿಗೆ ಕಳುಹಿಸಿದನು. ಆ ಪಟ್ಟಿಯಲ್ಲಿ ಅಣ್ಣನ ಹೆಸರೂ ಇದ್ದಿತು. ಇಷ್ಟಾದ ಮೇಲೆ ತನ್ನ ಕರ್ತವ್ಯ ಮುಗಿಯಿತೆಂದು ಅವನು ತಿಳಿದನು.

ಆದರೆ ಅವನು ಅಳಿಸಿದ್ದು ತನ್ನ ಪ್ರತಿಯನ್ನು ಮಾತ್ರ. ಕಳುಹಿಸಿದ ಮಾತಿನ ಇನ್ನೊಂದು ಪ್ರತಿ ಓದಿದವರ ಫೋನಿನಲ್ಲಿರುತ್ತದೆ; ಕಳುಹಿಸಿದವನು ತನ್ನ ಫೋನನ್ನು ನೂರು ಸಲ ಅಳಿಸಿದರೂ ಅದು ಕದಲುವುದಿಲ್ಲ. ಎಲ್ಲರಿಂದಲೂ ಅಳಿಸುವ ಅನುಕೂಲವನ್ನು ವಾಟ್ಸಾಪ್ ೨೦೧೭ರಲ್ಲಿ ಒದಗಿಸಿತು. ಅದರ ಅವಧಿಯನ್ನು ೨೦೨೨ರಲ್ಲಿ ಸುಮಾರು ಎರಡೂವರೆ ದಿನಗಳಿಗೆ ಹೆಚ್ಚಿಸಿತು. ಆ ಅವಧಿ ಮೀರಿದ ಮಾತು ಕಳುಹಿಸಿದವನ ಅಧೀನದಲ್ಲಿಲ್ಲ. ಅವಧಿಯೊಳಗೇ ಅಳಿಸಿದರೂ ಓದಿದ ಕಣ್ಣಿನಿಂದ ಅದನ್ನು ಅಳಿಸುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ.

ಜೈನಶಾಸನವು ದೋಷಶುದ್ಧಿಗೆ ಹೇಳಿದ ಮಾರ್ಗ ಇದಕ್ಕಿಂತ ಭಿನ್ನವಾದುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳು ಹೇಳಲ್ಪಟ್ಟಿವೆ: ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಇವುಗಳಲ್ಲಿ ಕೊನೆಯದಾದ ಉಪಸ್ಥಾಪನೆಯೇ ಫ್ಯಾಕ್ಟರಿ ರೀಸೆಟ್ಟಿಗೆ ಹೋಲುವಂಥದು. ಮಹಾದೋಷವನ್ನೆಸಗಿದ ಮುನಿಗೆ ಪುನಃ ದೀಕ್ಷೆ ಕೊಟ್ಟು ಮೊದಲಿನಿಂದ ಆರಂಭಿಸುವಂತೆ ಮಾಡುವುದೇ ಅದು. ಆದರೆ ಅದು ಕೊನೆಯಲ್ಲಿದೆ ಎಂಬುದನ್ನು ಗಮನಿಸಬೇಕು. ಎಲ್ಲಕ್ಕೂ ಮೊದಲು ಇರುವುದು ಆಲೋಚನೆ. ಅಂದರೆ ಮಾಡಿದ ದೋಷವನ್ನು ಮರೆಮಾಚದೆ ಗುರುವಿನ ಮುಂದೆ ಹೇಳಿಕೊಳ್ಳುವುದು. ಹೇಳದೆ ಅಳಿಸುವ ಪ್ರಾಯಶ್ಚಿತ್ತವೊಂದನ್ನು ಆಚಾರ್ಯರು ಎಲ್ಲಿಯೂ ಹೇಳಿಲ್ಲ.

ಹೇಳುವುದರಲ್ಲಿಯೂ ದೋಷಗಳಿವೆ. ಆಚಾರ್ಯರು ಆಲೋಚನೆಯ ಹತ್ತು ದೋಷಗಳನ್ನು ವಿವರಿಸಿದ್ದಾರೆ. ಇತರರು ಕಂಡ ತಪ್ಪನ್ನು ಮಾತ್ರ ಹೇಳಿ, ಕಾಣದ್ದನ್ನು ಮುಚ್ಚಿಡುವುದು ಒಂದು. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಕ್ರಿಯೆಗಳಲ್ಲಿ ಅನೇಕ ಮುನಿಗಳು ಒಟ್ಟಿಗೆ ಸೇರಿ ಆಲೋಚನೆಯ ಶಬ್ದವೇ ತುಂಬಿರುವಾಗ, ಆ ಗದ್ದಲದ ನಡುವೆ ತನ್ನ ದೋಷವನ್ನೂ ಹೇಳಿಬಿಡುವುದು ಇನ್ನೊಂದು; ಅದಕ್ಕೆ ಶಬ್ದಾಕುಲಿತವೆಂದು ಹೆಸರು. ಹೇಳಿದಂತೆಯೂ ಆಗಬೇಕು, ಯಾರಿಗೂ ಸ್ಪಷ್ಟವಾಗಿ ಕೇಳಲೂ ಬಾರದು ಎಂಬ ಮಾಯೆ ಅಲ್ಲಿ ಅಡಗಿದೆ. ಪಟ್ಟಿಯಲ್ಲಿದ್ದ ಎಲ್ಲರಿಗೂ ಒಮ್ಮೆಲೇ ಹೋದ ಕಮಲದ ಚಿತ್ರ ಇದಕ್ಕಿಂತ ಬೇರೆಯಾದುದೇ? ಅದರಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಎಂದಿತ್ತೇ ಹೊರತು ಅಪ್ಪನ ಔಷಧದ ಲೆಕ್ಕವೆಂದು ಇರಲಿಲ್ಲ. ಪರ್ವಕಾಲದಲ್ಲಿ ಬಂಧುಮಿತ್ರರಿಗೆಲ್ಲ ಶುಭ ಕೋರುವುದು ತಪ್ಪಲ್ಲ. ಆದರೆ ಯಾರಿಗೆ ನೋವಾಗಿದೆಯೋ ಅವರಿಗೂ ಉಳಿದವರಿಗೂ ಒಂದೇ ಅಕ್ಷರಗಳನ್ನು ಕಳುಹಿಸಿದರೆ ಅದು ಕ್ಷಮಾಯಾಚನೆಯಾಗದು.

ಇನ್ನು ಅಣ್ಣನ ಸ್ಥಿತಿ. ಅವನು ನಿರಪರಾಧಿ, ಅಷ್ಟಮಿ ಚತುರ್ದಶಿಗಳಂದು ತಪ್ಪದೆ ಉಪವಾಸ ಮಾಡುವವನು, ತಮ್ಮನಿಗೆ ಒಂದು ಕಟುನುಡಿಯನ್ನೂ ಮರಳಿ ಆಡಿದವನಲ್ಲ. ಲೋಕದ ದೃಷ್ಟಿಯಲ್ಲಿ ಅವನೇ ದೊಡ್ಡವನು. ಆದರೆ ಅವನು ಆ ಸಂದೇಶದ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದನು. ಹೊಸ ಫೋನು ಕೊಂಡಾಗ ಉಳಿದವುಗಳೊಡನೆ ಅದನ್ನೂ ಜೋಪಾನವಾಗಿ ಸಾಗಿಸಿಕೊಂಡಿದ್ದನು. ಮನಸ್ಸಿಗೆ ಬೇಸರವಾದಾಗಲೆಲ್ಲ ತೆಗೆದು ಓದುತ್ತಿದ್ದನು. ಒಂದು ದಿನ ಹಿರಿಯರ ಮುಂದೆ ಅದನ್ನು ಹಿಡಿದು ತೋರಿಸಬೇಕೆಂಬುದು ಅವನ ಒಳಗಿನ ಸಂಕಲ್ಪ. ಬಾಹ್ಯಪರಿಗ್ರಹಕ್ಕೆ ಪರಿಮಾಣ ಮಾಡಿಕೊಂಡಿದ್ದ ಆ ಶ್ರಾವಕನು ಹದಿನಾಲ್ಕು ಅಂತರಂಗಪರಿಗ್ರಹಗಳಲ್ಲಿ ಕ್ರೋಧವೂ ಒಂದೆಂಬುದನ್ನು ಮರೆತಿದ್ದನು.

ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಷಾಯಗಳ ವಾಸನಾಕಾಲವನ್ನೂ ಅವರು ನಿರ್ದೇಶಿಸಿದ್ದಾರೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಅಂದರೆ ನಲವತ್ತೆಂಟು ನಿಮಿಷಗಳ ಒಳಗೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಭವಭವಗಳವರೆಗೆ ಅಂಟಿ ಬರುವುದು ಅನಂತಾನುಬಂಧಿ. ಹದಿನೈದು ದಿನಗಳಾಚೆಗೆ ಉಳಿದ ಕೋಪ ಶ್ರಾವಕವ್ರತದ ಬುಡವನ್ನು ಅಲುಗಿಸುತ್ತದೆ. ಆರು ತಿಂಗಳಾಚೆಗೆ ಉಳಿದ ಕೋಪ ಸಮ್ಯಕ್ತ್ವದ ಬುಡವನ್ನೇ ಅಲುಗಿಸುತ್ತದೆ. ಪಕ್ಷಕ್ಕೊಮ್ಮೆ ಪ್ರತಿಕ್ರಮಣ ಮಾಡಬೇಕೆಂಬ ವಿಧಿಯ ಮಹತ್ತ್ವ ಇದರಿಂದ ಸ್ಪಷ್ಟವಾಗುತ್ತದೆ. ಒಂದು ವರ್ಷದಿಂದ ಅಣ್ಣನ ಫೋನಿನಲ್ಲಿದ್ದ ಆ ಚಿತ್ರ ಯಾವ ಗೆರೆಯೆಂದು ಬೇರೆ ಹೇಳಬೇಕಾಗಿಲ್ಲ. ತಮ್ಮನು ಅಳಿಸಿ ತಪ್ಪಿದನು. ಅಣ್ಣನು ಉಳಿಸಿ ತಪ್ಪಿದನು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನನ್ನೇ ವ್ರತಿಯೆಂದು ಉಮಾಸ್ವಾಮಿಗಳು ಕರೆದಿರುವರು. ಒಳಗೆ ಮುಳ್ಳು ಮುರಿದುಕೊಂಡಿರುವಾಗ ಮೇಲಿನ ಚರ್ಮವನ್ನು ಎಷ್ಟು ತೊಳೆದರೇನು?

ಇಬ್ಬರು ಸಹೋದರರು, ನಡುವೆ ಭೂಮಿ, ಒಂದು ವರ್ಷದ ಕಾಲ ಎಂದೊಡನೆ ಕನ್ನಡನಾಡಿನ ಪ್ರತಿಯೊಬ್ಬ ಶ್ರಾವಕನ ಕಣ್ಣ ಮುಂದೆ ನಿಲ್ಲುವ ಮೂರ್ತಿಯೊಂದಿದೆ. ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಪ್ರತಿಷ್ಠಾಪಿಸಿದ, ಸುಮಾರು ೫೮ ಅಡಿ ಎತ್ತರದ ಬಾಹುಬಲಿಸ್ವಾಮಿಯ ಮೂರ್ತಿ ಅದು. ೧೯೮೧ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವನ್ನೂ ೨೦೧೮ರ ಮಸ್ತಕಾಭಿಷೇಕವನ್ನೂ ಕಂಡವರು ಅನೇಕರು. ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರಾಚಾರ್ಯರು ಆ ಚಾವುಂಡರಾಯನ ಕಾಲದವರೇ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನಾದ ಭರತನನ್ನು ಗೆದ್ದ ಬಾಹುಬಲಿಯು ಗೆದ್ದ ಭೂಮಿಯನ್ನು ಬಿಟ್ಟನು. ದೀಕ್ಷೆಯನ್ನು ಕೈಗೊಂಡು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿರಾಹಾರನಾಗಿ ನಿಂತನು. ಕಾಲಿನ ಬಳಿ ಹುತ್ತ ಬೆಳೆಯಿತು. ತೋಳಿನವರೆಗೆ ಬಳ್ಳಿ ಹಬ್ಬಿತು. ಇಷ್ಟಾದರೂ ಕೇವಲಜ್ಞಾನವು ಉದಯಿಸಲಿಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಕಾರಣವನ್ನು ತಿಳಿಸಿದ್ದಾರೆ: ಭರತೇಶ್ವರನಿಗೆ ತನ್ನಿಂದ ಕ್ಲೇಶವಾಯಿತೆಂಬ ಒಂದು ಸೂಕ್ಷ್ಮ ಭಾವ ಆ ಮಹಾಮುನಿಯ ಹೃದಯದಲ್ಲಿ ಉಳಿದಿದ್ದಿತು. ಅದು ದ್ವೇಷವಲ್ಲ, ಅಣ್ಣನ ಮೇಲಿನ ವಾತ್ಸಲ್ಯದ ಎಳೆ. ಭರತನು ಬಂದು ಪೂಜಿಸಿದಾಗ ಆ ಎಳೆಯೂ ಕಳಚಿತು, ಕೇವಲಜ್ಞಾನವು ಬೆಳಗಿತು.

ವರ್ಷದ ಉಪವಾಸ ಕಳೆಯದಿದ್ದುದು ಅಣ್ಣನ ಬರುವಿಕೆಯಿಂದ ಕಳೆಯಿತು ಎಂಬ ಈ ಪ್ರಸಂಗವು ವ್ರತನಿಷ್ಠರಿಗೆ ಮಹತ್ತರವಾದ ಬೋಧೆ. ವಾತ್ಸಲ್ಯದ ಎಳೆಯೇ ಆ ಮಹಾತ್ಮನನ್ನು ತಡೆಯಬಲ್ಲುದಾದರೆ, ದ್ವೇಷದ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಚತುರ್ದಶಿಯ ಉಪವಾಸ ಮಾಡುವ ಗೃಹಸ್ಥನ ಗತಿಯೇನು? ಭರತನು ಚಕ್ರವರ್ತಿ, ಹಿರಿಯನು, ಆದರೂ ತಮ್ಮನಿರುವಲ್ಲಿಗೆ ತಾನೇ ನಡೆದುಬಂದನು ಎಂಬುದನ್ನೂ ಮರೆಯತಕ್ಕದ್ದಲ್ಲ.

ದೃಷ್ಟಾಂತದ ಸಹೋದರರ ಕಥೆ ಮುಗಿಯಬೇಕಾದುದು ಹೀಗೆ. ಅನಂತ ಚತುರ್ದಶಿಯ ಸಂಜೆ ತಾಯಿ ಕಿರಿಯ ಮಗನಿಗೆ ಫೋನು ಮಾಡಿದಳು. ಅವನು ತನ್ನ ಫೋನು ಶುದ್ಧವಾದುದನ್ನೂ ಎಲ್ಲರಿಗೂ ಕ್ಷಮಾಸಂದೇಶ ಕಳುಹಿಸಿದ್ದನ್ನೂ ಹೇಳಿದನು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಫೋನು ಖಾಲಿಯಾಯಿತು ಮಗನೇ. ನಿನ್ನ ಅಣ್ಣ ಈವತ್ತೂ ಉಪವಾಸದಲ್ಲಿ ಕೂತು ಅದನ್ನೇ ಓದುತ್ತಿದ್ದಾನೆ" ಎಂದಳು. ಕ್ಷಮಾವಣಿಗೆ ಇನ್ನೂ ದಿನವಿದ್ದಿತು. ತಮ್ಮನು ಕಾಯಲಿಲ್ಲ, ಆ ರಾತ್ರಿಯೇ ಬಸ್ಸು ಹತ್ತಿದನು.

ಮರುದಿನ ಬೆಳಗ್ಗೆ ಅಭಿಷೇಕ ಮುಗಿದು ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಅಣ್ಣನು ಬಸದಿಯ ಮೆಟ್ಟಿಲಿಳಿಯುವಾಗ ತಮ್ಮನು ಕೆಳಗೆ ನಿಂತಿದ್ದನು. ಕಾಲಿಗೆರಗಿ ಎದ್ದು, "ಅಣ್ಣಾ, ಔಷಧದ ಲೆಕ್ಕದಲ್ಲಿ ನೀವು ಹಣ ತಿಂದಿರೆಂದು ಬರೆದವನು ನಾನು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು" ಎಂದನು. ತಿಳಿಯದೆ ಮಾಡಿದ ತಪ್ಪೆಂದು ಅವನು ಹೇಳಲಿಲ್ಲ. ಯಾರೂ ಕಾಣದಿದ್ದ ಭಾಗವನ್ನೇ ಮೊದಲು ಹೇಳಿದನು. ಆಲೋಚನೆಯೆಂದರೆ ಅದು. ಅಣ್ಣನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಬರೆದವನು ನೀನು, ಇಟ್ಟುಕೊಂಡವನು ನಾನು. ಒಂದು ವರ್ಷದ ಉಪವಾಸವನ್ನೆಲ್ಲ ಅದಕ್ಕೇ ಕೊಟ್ಟುಬಿಟ್ಟೆ" ಎಂದನು. ಮನೆಗೆ ಹೋಗಿ ಮೊದಲು ತಾಯಿಯ ಎದುರಿನಲ್ಲಿ ತಮ್ಮನು ಅದೇ ಗುಂಪಿನಲ್ಲಿ, ಎಲ್ಲರೂ ಓದುವಂತೆ, ತಾನು ಹಿಂದೆ ಬರೆದದ್ದು ಸುಳ್ಳೆಂದು ಬರೆದನು. ಅಣ್ಣನು ಆ ಚಿತ್ರವನ್ನು ತನ್ನ ಕೈಯಿಂದಲೇ ಅಳಿಸಿದನು. ಅದಕ್ಕೆ ಫೋನನ್ನೆಲ್ಲ ಬರಿದು ಮಾಡುವ ಅಗತ್ಯ ಬೀಳಲಿಲ್ಲ. ತೋಟದ ಪಾಲು ಆ ದಿನ ತೀರ್ಮಾನವಾಗಲಿಲ್ಲ. ಆದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು. ಅಣ್ಣನಿಗೆ ಅದು ವರ್ಷದ ಮೊದಲ ನಿಜವಾದ ಪಾರಣೆ.

ಆದುದರಿಂದ ಪರ್ವಕ್ಕೆ ಮುನ್ನ ಫೋನನ್ನು ಅಳಿಸಬೇಕೆನ್ನುವ ಶ್ರಾವಕ ಶ್ರಾವಿಕೆಯರು ಕೆಲವು ನಿಯಮಗಳನ್ನು ಕೈಗೊಳ್ಳುವುದು ಉಚಿತ. ಅಳಿಸುವ ಮೊದಲು ಒಂದು ಹೊತ್ತು ಸಾಮಾಯಿಕಕ್ಕೆ ಕುಳಿತು, ಈ ಯಂತ್ರದ ಮೂಲಕ ಯಾರಿಗೆ ಯಾವ ನೋವು ತಲುಪಿತೆಂದು ನೆನೆಯಬೇಕು. ನೆನಪಿಗೆ ಬಂದ ಹೆಸರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅವರಲ್ಲಿ ಒಬ್ಬೊಬ್ಬರ ಬಳಿಗೂ ಹೋಗಿಯೋ, ಹೋಗಲಾಗದಿದ್ದರೆ ಸ್ವಂತ ಧ್ವನಿಯಲ್ಲಿ ಮಾತಾಡಿಯೋ, ತಪ್ಪನ್ನು ಹೆಸರು ಹಿಡಿದು ಹೇಳಿ ಕ್ಷಮೆ ಬೇಡಬೇಕು. ಸುಳ್ಳನ್ನು ಎಷ್ಟು ಜನರ ಮುಂದೆ ಆಡಿದ್ದರೋ ಅಷ್ಟು ಜನರ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕ. ಬೇರೆಯವರ ತಪ್ಪಿಗೆ ಸಾಕ್ಷಿಯೆಂದು ಕಾದಿಟ್ಟ ಮಾತುಗಳನ್ನು ಬ್ಯಾಕಪ್ಪಿಗೆ ಸೇರಿಸದಿರಬೇಕು. ಅಳಿಸಿದ ಮೇಲೆ ಮರಳಿ ಹಾಕಿಕೊಳ್ಳುವ ಅಪ್ಲಿಕೇಶನ್‌ಗಳಿಗೆ ಪರಿಮಾಣವಿರಬೇಕು. ದೇಶಾವಕಾಶಿಕ ವ್ರತದಲ್ಲಿ ದಿನದ ಸಂಚಾರಕ್ಕೆ ಮೇರೆ ಹಾಕಿಕೊಳ್ಳುವಂತೆ, ಹತ್ತು ದಿನವಾದರೂ ಬೆರಳಿನ ಸಂಚಾರಕ್ಕೂ ಮೇರೆ ಹಾಕಿಕೊಳ್ಳಬೇಕು. ಸೂರ್ಯಾಸ್ತದ ಬಳಿಕ ಅನ್ನಕ್ಕೆ ಬಾಯಿ ಮುಚ್ಚುವ ಮನೆಗಳಲ್ಲಿ ಕಟುವಾದ ಬರಹಕ್ಕೂ ಬಾಯಿ ಮುಚ್ಚುವ ನಿಯಮವಿದ್ದರೆ ಎಷ್ಟೋ ಕಲಹಗಳು ಹುಟ್ಟುವುದೇ ಇಲ್ಲ.

ಯಂತ್ರವು ತುಂಬಿದಾಗ ಅಳಿಸುವುದು ಲೋಕವ್ಯವಹಾರ. ಅದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅದನ್ನು ಅಳಿಸಿದ ಮಾತ್ರಕ್ಕೆ ಜೀವನ ಖಾತೆಯಲ್ಲಿ ಒಂದು ಪರಮಾಣುವೂ ಕದಲದು. ಕರ್ಮವು ಕದಲುವುದು ಮುಚ್ಚಿದ್ದನ್ನು ತೆರೆದು ಹೇಳುವ ಆರ್ಜವದಿಂದ, ತಲೆಬಾಗುವ ಮಾರ್ದವದಿಂದ, ಹಿಡಿದದ್ದನ್ನು ಬಿಟ್ಟುಬಿಡುವ ತ್ಯಾಗದಿಂದ, ಇವೆಲ್ಲಕ್ಕೂ ಮೊದಲು ಹೇಳಿರುವ ಉತ್ತಮ ಕ್ಷಮೆಯಿಂದ. ಈ ಪರ್ವಕಾಲದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಮಾತು ಬಿಟ್ಟವರು ಮಾತಾಡುವಂತಾಗಲಿ. ಸಂಗ್ರಹಿಸಿಟ್ಟ ವೈರವು ಸಂಗ್ರಹಿಸಿದವರ ಕೈಯಿಂದಲೇ ಅಳಿಯಲಿ. ಉಪವಾಸವು ನಿಶ್ಶಲ್ಯವಾಗಲಿ, ಪಾರಣೆಯು ನಿರ್ವೈರವಾಗಲಿ. ಸರ್ವಜೀವರಿಗೂ ಮಂಗಳವಾಗಲಿ.